ಮನೆಯಲ್ಲಿ ತಯಾರಿಸಿದ ಡಿಸ್ಕ್ ಬದಲಿಸುವ ಯಂತ್ರ: ದೋಷ ಪತ್ತೆ ಮತ್ತು ನಿವಾರಣೆ

ರಾಶಿಯಲ್ಲಿರುವ ಸಿಡಿ ಅಥವಾ ಡಿವಿಡಿಗಳನ್ನು ಒಂದೊಂದಾಗಿ ಎತ್ತಿ ಕಂಪ್ಯೂಟರಿನ ಡ್ರೈವ್‌ಗೆ ಹಾಕಿ, ಓದಿ ಮುಗಿದ ಮೇಲೆ ತೆಗೆದು ಇನ್ನೊಂದು ರಾಶಿಗೆ ಸೇರಿಸುವ ಹವ್ಯಾಸಿ ಯಂತ್ರದಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಂಥ ಯಂತ್ರಗಳ ರಚನೆ ಒಬ್ಬೊಬ್ಬರದು ಒಂದೊಂದು ಬಗೆಯಾಗಿರುವುದರಿಂದ, ಹೆಚ್ಚು ಬಳಕೆಯಲ್ಲಿರುವ ಒಂದು ವಿನ್ಯಾಸವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ನಿಯಂತ್ರಣಕ್ಕೆ ಅರ್ಡುಯಿನೊ ಊನೊ ಬೋರ್ಡು, ಮೇಲೆ ಕೆಳಗೆ ಚಲಿಸಲು ಲೀಡ್ ಸ್ಕ್ರೂ ಜೋಡಿಸಿದ ನೆಮಾ 17 ಸ್ಟೆಪರ್ ಮೋಟಾರು (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದು) ಮತ್ತು ಅದಕ್ಕೆ ಕರೆಂಟ್ ಹರಿಸುವ ಒಂದು ಎ4988 ಡ್ರೈವರ್, ತೋಳು ತಿರುಗಿಸಲು ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು), ಡಿಸ್ಕ್ ಹಿಡಿಯಲು ಸಕ್ಷನ್ ಕಪ್ ಮತ್ತು 12 ವೋಲ್ಟಿನ ಪುಟ್ಟ ವ್ಯಾಕ್ಯೂಮ್ ಪಂಪ್, ಡ್ರೈವ್ ನೋಡಿಕೊಳ್ಳಲು ಲಿನಕ್ಸ್ ಇರುವ ಕಂಪ್ಯೂಟರು. ನಿಮ್ಮ ಯಂತ್ರದಲ್ಲಿ ಭಾಗಗಳು ಬೇರೆ ಇದ್ದರೂ ಹುಡುಕುವ ದಾರಿ ಹೆಚ್ಚು ಬದಲಾಗುವುದಿಲ್ಲ.

ಈ ಯಂತ್ರದ ದೋಷಗಳಲ್ಲಿ ಒಂದು ವಿಶೇಷವಿದೆ. ಡಿಸ್ಕ್ ನೆಲಕ್ಕೆ ಬೀಳುವುದು ಅಥವಾ ಟ್ರೇಯಲ್ಲಿ ಸಿಕ್ಕಿಕೊಳ್ಳುವುದು ನಮ್ಮ ಕಣ್ಣಿಗೆ ಬೀಳುತ್ತದೆ, ಆದರೆ ಎಡವಟ್ಟು ಅದಕ್ಕಿಂತ ಎರಡು ಮೂರು ಹಂತ ಮುಂಚೆಯೇ ನಡೆದುಹೋಗಿರುತ್ತದೆ. ಯಂತ್ರವು ಯಾವುದೋ ಒಂದು ಸಂಗತಿಯನ್ನು ಪರೀಕ್ಷಿಸದೆ ನಂಬಿ ಮುಂದಿನ ಹೆಜ್ಜೆ ಇಟ್ಟಿರುತ್ತದೆ. ಡಿಸ್ಕ್ ಕಪ್ಪಿಗೆ ಅಂಟಿದೆ, ಅಂಟಿರುವುದು ಒಂದೇ ಡಿಸ್ಕ್, ಟ್ರೇ ಪೂರ್ತಿ ಹೊರಗೆ ಬಂದಿದೆ, ಹೆಡ್ (ಕಪ್ ಹೊತ್ತು ಮೇಲೆ ಕೆಳಗೆ ಚಲಿಸುವ ಭಾಗ) ಇಂತಿಷ್ಟು ಎತ್ತರದಲ್ಲಿದೆ ಎಂಬಂಥ ನಂಬಿಕೆಗಳಿವು. ಆದ್ದರಿಂದ ಯಂತ್ರ ನಿಂತ ಕೂಡಲೇ ಯಾವ ಭಾಗ ಕೆಟ್ಟಿತು ಎಂದು ಹುಡುಕುವ ಮೊದಲು, ಆ ಗಳಿಗೆಯಲ್ಲಿ ಪ್ರೋಗ್ರಾಂ ಏನನ್ನು ನಿಜವೆಂದುಕೊಂಡಿತ್ತು ಎಂದು ಕೇಳಿಕೊಳ್ಳಬೇಕು. ಹಲವರು ಮೊದಲು ಮಾಡುವ ಕೆಲಸವೆಂದರೆ ಪ್ರೋಗ್ರಾಮಿನಲ್ಲಿ ಕಾಯುವ ಸಮಯವನ್ನು ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿಗೆ ಏರಿಸುವುದು. ಅದರಿಂದ ದೋಷ ಹೋಗುವುದಿಲ್ಲ, ಅಪರೂಪವಾಗುತ್ತದೆ ಅಷ್ಟೇ. ಅಪರೂಪವಾದ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ.

ದಾಖಲೆ ಇಲ್ಲದೆ ಕೈ ಹಾಕಬಾರದು

ಪ್ರತಿ ಹಂತದ ಆರಂಭ ಮತ್ತು ಅಂತ್ಯದಲ್ಲಿ ಹಂತದ ಹೆಸರು, ಬೋರ್ಡು ಶುರುವಾದಂದಿನಿಂದ ಕಳೆದ ಮಿಲಿಸೆಕೆಂಡುಗಳು ಮತ್ತು ಎಲ್ಲ ಸ್ವಿಚ್, ಸೆನ್ಸರ್‌ಗಳ ಸ್ಥಿತಿಯನ್ನು ಒಂದು ಸಾಲಿನಲ್ಲಿ ಸೀರಿಯಲ್ ಪೋರ್ಟಿಗೆ ಬರೆಯಿಸಿ, ಕಂಪ್ಯೂಟರಿನಲ್ಲಿ ಅದನ್ನು ಕಡತವಾಗಿ ಉಳಿಸಿಕೊಳ್ಳಿ. ಬೋರ್ಡು ಆರಂಭವಾದಾಗ ಒಂದು ವಿಶಿಷ್ಟ ಸಾಲು ಬರುವಂತೆಯೂ ಮಾಡಿರಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಈ ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರ ಹೋಗಲು ಸುಮಾರು 1 ಮಿಲಿಸೆಕೆಂಡು ಹಿಡಿಯುತ್ತದೆ, ಊನೊ ಬೋರ್ಡಿನ ಸೀರಿಯಲ್ ಬಫರ್ (ಕಳುಹಿಸಬೇಕಾದ ಅಕ್ಷರಗಳು ಕಾಯುವ ಜಾಗ) ಕೇವಲ 64 ಬೈಟಿನದು. ಬಫರ್ ತುಂಬಿದರೆ ಬರೆಯುವ ಆಜ್ಞೆ ಜಾಗ ಸಿಗುವವರೆಗೆ ಕಾಯುತ್ತದೆ, ಆ ಹೊತ್ತಿನಲ್ಲಿ ಸ್ಟೆಪರ್‌ಗೆ ಹೋಗಬೇಕಾದ ಪಲ್ಸುಗಳು ನಿಂತುಬಿಡುತ್ತವೆ. ದೋಷ ಹುಡುಕಲೆಂದು ಸೇರಿಸಿದ ಸಾಲುಗಳೇ ಮೋಟಾರು ಜಗ್ಗಿ ಜಗ್ಗಿ ಓಡುವಂತೆ ಮಾಡಿ ಹೊಸ ದೋಷವೊಂದನ್ನು ಹುಟ್ಟಿಸಿದರೆ ಆಶ್ಚರ್ಯವಿಲ್ಲ. ವೇಗವನ್ನು 115200ಕ್ಕೆ ಏರಿಸಿ, ಮೋಟಾರು ಚಲಿಸುತ್ತಿರುವಾಗ ಏನನ್ನೂ ಬರೆಯದೆ ನಿಂತ ಮೇಲೆ ಮಾತ್ರ ಬರೆಯುವಂತೆ ಪ್ರೋಗ್ರಾಂ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ.

ಕೆಲಸದ ನಡುವೆ ಯಂತ್ರ ಮೊದಲಿನಿಂದ ಶುರುವಾಗುತ್ತದೆ

ಡಿಸ್ಕ್ ಹಿಡಿದು ಹೊರಟ ತೋಳು ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಆರಂಭದ ಜಾಗಕ್ಕೆ ಹಿಂತಿರುಗುತ್ತದೆ. ದಾಖಲೆಯಲ್ಲಿ ನಡುವೆಯೇ ಆರಂಭದ ಸಾಲು ಮತ್ತೆ ಕಾಣಿಸಿಕೊಂಡಿದ್ದರೆ ಬೋರ್ಡು ರೀಸೆಟ್ ಆಗಿದೆ ಎಂದು ಖಚಿತವಾಯಿತು. ಅದಕ್ಕೆ ಮುಖ್ಯ ಕಾರಣಗಳು ಎರಡು, ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭ. ಸರ್ವೊ ಅಥವಾ ಪಂಪ್ ಶುರುವಾದ ಕ್ಷಣದಲ್ಲೇ ರೀಸೆಟ್ ಆಗಿದ್ದರೆ ವಿದ್ಯುತ್ ಪೂರೈಕೆಯನ್ನು ನೋಡಬೇಕು. ಕಂಪ್ಯೂಟರಿನ ಪ್ರೋಗ್ರಾಂ ಸೀರಿಯಲ್ ಪೋರ್ಟನ್ನು ತೆರೆದ ಕ್ಷಣದಲ್ಲಿ ಆಗಿದ್ದರೆ ದೋಷ ಬೇರೆಡೆ ಇದೆ.

ಪೂರೈಕೆಯ ವಿಷಯವನ್ನು ಮೊದಲು ನೋಡೋಣ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್. ಎಸ್‌ಜಿ90 ಎಂಬ ಅತಿ ಚಿಕ್ಕ ಸರ್ವೊ ಕೂಡ ತಡೆಗೆ ಸಿಕ್ಕಿ ನಿಂತಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಲೋಹದ ಗೇರಿನ ಎಂಜಿ996ಆರ್ ಮಾದರಿ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯಬಲ್ಲದು. ಸರ್ವೊದ ಕೆಂಪು ತಂತಿಯನ್ನು ಬೋರ್ಡಿನ 5 ವೋಲ್ಟ್ ಪಿನ್ನಿಗೆ ಜೋಡಿಸಿದ್ದರೆ ತೋಳು ಹೊರಟ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, 2.7 ವೋಲ್ಟಿಗಿಂತ ಕೆಳಗಿಳಿದರೆ ಊನೊದ ಚಿಪ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. 12 ವೋಲ್ಟನ್ನು ಬೋರ್ಡಿನ ದುಂಡು ಜಾಕಿಗೆ ಕೊಟ್ಟು ಅಲ್ಲಿಂದ 5 ವೋಲ್ಟ್ ಪಡೆದರೆ ಸಾಕೆಂದು ಭಾವಿಸುವವರಿದ್ದಾರೆ. ಆ ರೆಗ್ಯುಲೇಟರ್ ಅರ್ಧ ಆಂಪಿಯರ್ ಕೊಡುವಾಗ ಉಳಿದ 7 ವೋಲ್ಟನ್ನು ಶಾಖವಾಗಿ ಸುಡಬೇಕಾಗುತ್ತದೆ, ಅಂದರೆ 3.5 ವಾಟ್. ಅಷ್ಟು ಶಾಖವನ್ನು ಆ ಪುಟ್ಟ ಭಾಗ ತಾಳಿಕೊಳ್ಳಲಾರದು.

ಸಾಮಾನ್ಯ ಮಲ್ಟಿಮೀಟರಿನಲ್ಲಿ ಈ ಕುಸಿತ ಕಾಣುವುದು ಕಷ್ಟ, ಏಕೆಂದರೆ ಅದು ಕೆಲವು ಮಿಲಿಸೆಕೆಂಡುಗಳಲ್ಲಿ ಆಗಿ ಹೋಗುತ್ತದೆ. ಮೀಟರು ಸರಿಯಾಗಿ 5 ವೋಲ್ಟ್ ತೋರಿಸಿತು ಎಂಬ ಕಾರಣಕ್ಕೆ ಪೂರೈಕೆ ಸರಿಯಿದೆ ಎಂಬ ತೀರ್ಮಾನಕ್ಕೆ ಬರಬೇಡಿ. ಸರ್ವೊಗೆ ಬೇರೆಯೇ 5 ವೋಲ್ಟ್ ಪೂರೈಕೆ ಕೊಟ್ಟು, ಆ ಪೂರೈಕೆಯ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಜೋಡಿಸಿ, ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ ನೋಡಿ. ರೀಸೆಟ್ ನಿಂತರೆ ಕಾರಣ ಸಿಕ್ಕಿತು. ಗ್ರೌಂಡ್ ಜೋಡಿಸುವುದನ್ನು ಮರೆತರೆ ಸರ್ವೊ ಅಡ್ಡಾದಿಡ್ಡಿಯಾಗಿ ನಡುಗುತ್ತದೆ, ಅದನ್ನು ಸರ್ವೊದ ದೋಷವೆಂದು ತಿಳಿದು ಹೊಸದನ್ನು ತಂದು ಹಾಕುವವರೂ ಇದ್ದಾರೆ. ಸರ್ವೊದ ಹತ್ತಿರವೇ 470ರಿಂದ 1000 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕುವುದು ಒಳ್ಳೆಯದು. ತೆಳುವಾದ ಬ್ರೆಡ್‌ಬೋರ್ಡ್ ತಂತಿಗಳ ಮೂಲಕ ಮೋಟಾರಿನ ಕರೆಂಟನ್ನು ಎಂದೂ ಹರಿಸಬಾರದು.

ಎರಡನೆಯ ಕಾರಣ ಕಂಪ್ಯೂಟರಿನ ಕಡೆಯದು. ಸೀರಿಯಲ್ ಪೋರ್ಟನ್ನು ತೆರೆದಾಗ ಡಿಟಿಆರ್ ಎಂಬ ಸಂಕೇತ ಬದಲಾಗುತ್ತದೆ, ಊನೊ ಬೋರ್ಡಿನಲ್ಲಿ ಆ ಸಂಕೇತ ರೀಸೆಟ್ ಪಿನ್ನಿಗೆ ತಲುಪುವಂತೆ ಬೇಕೆಂದೇ ಜೋಡಿಸಲಾಗಿದೆ. ಹೊಸ ಪ್ರೋಗ್ರಾಂ ತುಂಬಿಸುವಾಗ ಗುಂಡಿ ಒತ್ತುವ ಅಗತ್ಯವಿಲ್ಲದಂತೆ ಮಾಡಿದ ಏರ್ಪಾಡು ಅದು. ನಿಮ್ಮ ಸ್ಕ್ರಿಪ್ಟ್ ಒಂದೊಂದು ಆಜ್ಞೆಗೂ ಪೋರ್ಟನ್ನು ತೆರೆದು ಮುಚ್ಚುತ್ತಿದ್ದರೆ ಒಂದೊಂದು ಆಜ್ಞೆಗೂ ಬೋರ್ಡು ಹೊಸದಾಗಿ ಹುಟ್ಟುತ್ತದೆ. ಬೂಟ್‌ಲೋಡರ್ (ಬೋರ್ಡು ಶುರುವಾದಾಗ ಮೊದಲು ಓಡುವ ಕಿರು ಪ್ರೋಗ್ರಾಂ) ಮುಗಿಯುವವರೆಗೆ ಬಂದ ಅಕ್ಷರಗಳು ಪ್ರೋಗ್ರಾಮಿಗೆ ತಲುಪುವುದೇ ಇಲ್ಲ. ಪೋರ್ಟನ್ನು ಒಮ್ಮೆ ತೆರೆದು, ಬೋರ್ಡಿನಿಂದ ಆರಂಭದ ಸಾಲು ಬಂದ ಮೇಲಷ್ಟೇ ಮೊದಲ ಆಜ್ಞೆ ಕಳುಹಿಸಿ, ಕೆಲಸ ಪೂರ್ತಿ ಮುಗಿಯುವವರೆಗೆ ಅದನ್ನು ತೆರೆದೇ ಇಟ್ಟುಕೊಳ್ಳುವುದು ಸರಿಯಾದ ಪರಿಹಾರ. ರೀಸೆಟ್ ಪಿನ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿಯೂ ಇದನ್ನು ತಡೆಯಬಹುದು, ಆದರೆ ಹೊಸ ಪ್ರೋಗ್ರಾಂ ತುಂಬಿಸುವಾಗ ಅದನ್ನು ತೆಗೆಯಬೇಕಾಗುತ್ತದೆ.

ಹೆಡ್ ತಪ್ಪು ಎತ್ತರಕ್ಕೆ ಹೋಗುತ್ತದೆ

ಹೆಡ್ ಸ್ವಲ್ಪ ದೂರ ಸರಿಯಾಗಿ ಇಳಿದು, ಅದಕ್ಕಿಂತ ಹೆಚ್ಚು ಇಳಿಯಲು ಹೇಳಿದಾಗ ಮೇಲಕ್ಕೆ ನುಗ್ಗಿ ಚೌಕಟ್ಟಿಗೆ ಬಡಿಯುವುದು ಈ ಗುಂಪಿನಲ್ಲಿ ಅತ್ಯಂತ ಗೊಂದಲ ಹುಟ್ಟಿಸುವ ದೋಷ. ಇದರಲ್ಲಿ ತಂತಿಯ ಪಾತ್ರವೂ ಇಲ್ಲ, ಮೋಟಾರಿನ ಪಾತ್ರವೂ ಇಲ್ಲ. ಒಂದು ಸುತ್ತಿಗೆ 200 ಹೆಜ್ಜೆಯ ಮೋಟಾರು, 16ರ ಮೈಕ್ರೊಸ್ಟೆಪ್ (ಒಂದೊಂದು ಹೆಜ್ಜೆಯನ್ನು 16 ಭಾಗ ಮಾಡುವುದು), ಒಂದು ಸುತ್ತಿಗೆ 8 ಮಿಲಿಮೀಟರ್ ಸಾಗುವ ಸ್ಕ್ರೂ ಇದ್ದರೆ ಒಂದು ಮಿಲಿಮೀಟರಿಗೆ 400 ಹೆಜ್ಜೆಗಳಾದವು. ಊನೊದಲ್ಲಿ ಸಾಮಾನ್ಯ ಪೂರ್ಣಾಂಕ ಚರದ ಗರಿಷ್ಠ ಮೌಲ್ಯ 32767. ಎಂದರೆ ಸುಮಾರು 82 ಮಿಲಿಮೀಟರ್ ದಾಟಿದ ಕೂಡಲೇ ಲೆಕ್ಕ ಋಣ ಸಂಖ್ಯೆಗೆ ಉರುಳುತ್ತದೆ. 90 ಮಿಲಿಮೀಟರಿಗೆ ಬೇಕಾದ 36000 ಹೆಜ್ಜೆಗಳು ಮೈನಸ್ 29536 ಆಗಿಬಿಡುತ್ತವೆ, ಮೋಟಾರು ಆಜ್ಞಾಧಾರಕನಾಗಿ ಉಲ್ಟಾ ಓಡುತ್ತದೆ. ಸ್ಥಾನವನ್ನು ಇಡುವ ಚರಗಳನ್ನೂ ಗುಣಾಕಾರದಲ್ಲಿ ಬಳಸುವ ಸ್ಥಿರಾಂಕಗಳನ್ನೂ ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಬಗೆಗೆ ಬದಲಿಸಬೇಕು. ಉತ್ತರದ ಚರವನ್ನಷ್ಟೇ ಬದಲಿಸಿದರೆ ಸಾಲದು, ಏಕೆಂದರೆ ಗುಣಾಕಾರ ನಡೆಯುವಾಗಲೇ ಲೆಕ್ಕ ಉರುಳಿರುತ್ತದೆ.

ಹೆಡ್ ನಿಧಾನವಾಗಿ ಚಲಿಸುತ್ತದೆ ಎಂಬ ದೂರಿಗೂ ಇದೇ 400ರ ಲೆಕ್ಕ ಕಾರಣವನ್ನು ಹೇಳುತ್ತದೆ. ಸ್ಟೆಪರ್ ಓಡಿಸಲು ಬಳಸುವ ಆಕ್ಸೆಲ್‌ಸ್ಟೆಪರ್ ಲೈಬ್ರರಿ 16 ಮೆಗಾಹರ್ಟ್ಸ್‌ನ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 4000 ಹೆಜ್ಜೆಗಳವರೆಗೆ ಮಾತ್ರ ನಂಬಬಹುದಾದಂತೆ ಓಡಿಸುತ್ತದೆ, ಅಂದರೆ ಸೆಕೆಂಡಿಗೆ 10 ಮಿಲಿಮೀಟರ್. ನೀವು 30 ಎಂದು ಬರೆದರೂ ಹೆಡ್ ಅಷ್ಟು ವೇಗ ಪಡೆಯುವುದಿಲ್ಲ. ಈ ಯಂತ್ರಕ್ಕೆ 16ರ ಮೈಕ್ರೊಸ್ಟೆಪ್ ಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. 4ಕ್ಕೆ ಇಳಿಸಿದರೆ ಒಂದು ಹೆಜ್ಜೆ 0.01 ಮಿಲಿಮೀಟರ್ ಆಗುತ್ತದೆ, 1.2 ಮಿಲಿಮೀಟರ್ ದಪ್ಪದ ಡಿಸ್ಕಿಗೆ ಅದು ಧಾರಾಳವಾಯಿತು.

ಮೋಟಾರು ತಿರುಗದೆ ಗುಂಯ್‌ಗುಡುತ್ತಿದ್ದರೆ ಸುರುಳಿಗಳ ಜೋಡಿ ತಪ್ಪಿರಬಹುದು. ವಿದ್ಯುತ್ ತೆಗೆದು, ಮೋಟಾರನ್ನು ಡ್ರೈವರಿನಿಂದ ಬಿಡಿಸಿ, ನಾಲ್ಕು ತಂತಿಗಳಲ್ಲಿ ಎರಡನ್ನು ಒಂದಕ್ಕೊಂದು ಮುಟ್ಟಿಸಿ ಕೈಯಿಂದ ಶಾಫ್ಟ್ ತಿರುಗಿಸಿ. ಶಾಫ್ಟ್ ಬಿಗಿಯಾದಂತೆ ಅನಿಸಿದರೆ ಆ ಎರಡು ತಂತಿಗಳು ಒಂದೇ ಸುರುಳಿಗೆ ಸೇರಿದವು. ಜೋಡಿ ಸರಿಯಿದ್ದೂ ಹೆಜ್ಜೆ ತಪ್ಪುತ್ತಿದ್ದರೆ ಡ್ರೈವರಿನ ಕರೆಂಟ್ ಮಿತಿಯನ್ನು ನೋಡಬೇಕು. ಎ4988ರಲ್ಲಿ ಮಿತಿಯ ಕರೆಂಟ್ ಎಂದರೆ ವಿರೆಫ್ ವೋಲ್ಟೇಜನ್ನು (ಡ್ರೈವರಿನ ಮೇಲಿನ ಪುಟ್ಟ ತಿರುಪಿನಿಂದ ಹೊಂದಿಸುವಂಥದು) ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರಿನ ಎಂಟು ಪಟ್ಟಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ರೆಸಿಸ್ಟರು 0.1 ಓಮ್ ಆಗಿದ್ದರೆ 1 ಆಂಪಿಯರಿಗೆ 0.8 ವೋಲ್ಟ್, 0.05 ಓಮ್ ಆಗಿದ್ದರೆ 0.4 ವೋಲ್ಟ್. ಬೇರೆ ಬೇರೆ ತಯಾರಕರು ಬೇರೆ ಬೇರೆ ರೆಸಿಸ್ಟರ್ ಬಳಸುವುದರಿಂದ ಬೋರ್ಡಿನ ಮೇಲಿರುವ ಆರ್100 ಅಥವಾ ಆರ್050 ಎಂಬ ಗುರುತನ್ನು ಭೂತಗನ್ನಡಿ ಹಿಡಿದಾದರೂ ಓದಿಕೊಂಡು ಆಮೇಲೆ ತಿರುಪು ತಿರುಗಿಸಿ. ವಿದ್ಯುತ್ ಇರುವಾಗ ಮೋಟಾರಿನ ತಂತಿ ಕೀಳಬಾರದು, ಹಾಗೆ ಮಾಡಿದರೆ ಡ್ರೈವರ್ ಸುಟ್ಟುಹೋಗುವ ಸಂಭವವಿದೆ. ಮೋಟಾರ್ ಪೂರೈಕೆಯ ಪಿನ್ನುಗಳ ಪಕ್ಕದಲ್ಲಿ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಕಡ್ಡಾಯ.

ಡ್ರೈವರನ್ನು ನಿಷ್ಕ್ರಿಯಗೊಳಿಸಿದಾಗ ಹೆಡ್ ತಾನಾಗಿ ಕೆಳಗೆ ಜಾರುತ್ತಿದ್ದರೆ ಸ್ಕ್ರೂವಿನ ಸ್ವಭಾವವೇ ಹಾಗೆ. ಒಂದು ಸುತ್ತಿಗೆ 8 ಮಿಲಿಮೀಟರ್ ಸಾಗುವ ಸ್ಕ್ರೂ ಭಾರಕ್ಕೆ ಹಿಮ್ಮುಖವಾಗಿ ತಿರುಗಬಲ್ಲದು. 2 ಮಿಲಿಮೀಟರಿನದು ಹಾಗೆ ಜಾರುವುದಿಲ್ಲ.

ಆರಂಭದ ಸ್ಥಾನ ತೋರಿಸುವ ಸ್ವಿಚ್

ಹೆಡ್ ಗಾಳಿಯಲ್ಲೇ ನಿಂತು ಆರಂಭದ ಸ್ಥಾನ ಸಿಕ್ಕಿತು ಎಂದು ಘೋಷಿಸಿದರೆ, ಪಂಪ್ ಓಡುತ್ತಿರುವಾಗ ಮಾತ್ರ ಹೀಗಾಗುತ್ತದೆಯೇ ಎಂದು ನೋಡಿ. ಹೌದಾದರೆ ಪಂಪಿನ ಬ್ರಷ್ ಮೋಟಾರಿನ ವಿದ್ಯುತ್ ಗದ್ದಲ ಸ್ವಿಚ್ಚಿನ ತಂತಿಗೆ ನುಗ್ಗುತ್ತಿದೆ. ಪಂಪಿನ ತುದಿಗಳಿಗೆ ಅಡ್ಡಲಾಗಿ 100 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಮತ್ತು ಹಿಮ್ಮುಖವಾಗಿ 1ಎನ್4007 ಡಯೋಡ್ ಹಾಕಿ. ಬೋರ್ಡಿನ ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೊಓಮ್‌ನಷ್ಟು ದುರ್ಬಲವಾದ್ದರಿಂದ ಹೊರಗೊಂದು 4.7 ಕಿಲೊಓಮ್ ರೆಸಿಸ್ಟರ್ ಸೇರಿಸಿ. ಮೈಕ್ರೋಸ್ವಿಚ್ಚಿನಲ್ಲಿ, ಒತ್ತದಿರುವಾಗ ಮುಚ್ಚಿರುವ ತುದಿಗಳನ್ನೇ ಬಳಸಿ. ತಂತಿ ತುಂಡಾದರೆ ಯಂತ್ರ ನಿಲ್ಲುತ್ತದೆ. ತೆರೆದಿರುವ ತುದಿಗಳನ್ನು ಬಳಸಿದ್ದರೆ ತಂತಿ ತುಂಡಾದ ದಿನ ಹೆಡ್ ಚೌಕಟ್ಟನ್ನು ಗುದ್ದುತ್ತಲೇ ಇರುತ್ತದೆ.

ಡಿಸ್ಕ್ ಎತ್ತುವುದಿಲ್ಲ, ಅಥವಾ ದಾರಿಯಲ್ಲಿ ಬೀಳುತ್ತದೆ

ಹೆಚ್ಚು ಶಕ್ತಿಯ ಪಂಪ್ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. ಒಂದು ಡಿಸ್ಕಿನ ತೂಕ ಸುಮಾರು 15 ಗ್ರಾಂ, ಅದನ್ನು ಹಿಡಿದಿಡಲು 0.15 ನ್ಯೂಟನ್ ಸಾಕು. 20 ಮಿಲಿಮೀಟರ್ ವ್ಯಾಸದ ಕಪ್ಪಿನಲ್ಲಿ ಹೊರಗಿನ ಗಾಳಿಗಿಂತ ಕೇವಲ 10 ಕಿಲೊಪ್ಯಾಸ್ಕಲ್ ಕಡಿಮೆ ಒತ್ತಡವಿದ್ದರೂ ಹಿಡಿತ 3 ನ್ಯೂಟನ್ ದಾಟುತ್ತದೆ, ಎಂದರೆ ಬೇಕಾದುದರ ಇಪ್ಪತ್ತು ಪಟ್ಟು. ಹೀಗಿರುವಾಗ ಡಿಸ್ಕ್ ಬೀಳುತ್ತಿದ್ದರೆ ಪಂಪಿನ ಶಕ್ತಿ ಸಾಲದೆ ಅಲ್ಲ, ಎಲ್ಲೋ ಗಾಳಿ ಸೋರುತ್ತಿದೆ. ಕೊಳವೆಯನ್ನು ಪಂಪಿನ ಬಾಯಲ್ಲೇ ಬೆರಳಿನಿಂದ ಮುಚ್ಚಿ ಪಂಪಿನ ಸದ್ದು ಬದಲಾಗುವುದನ್ನು ಕೇಳಿಸಿಕೊಳ್ಳಿ, ಆಮೇಲೆ ಒಂದೊಂದು ಜೋಡಣೆ ದಾಟಿ ಕಪ್ಪಿನವರೆಗೆ ಹಾಗೇ ಮುಚ್ಚುತ್ತ ಬನ್ನಿ. ಸದ್ದು ಬದಲಾಗದೆ ಉಳಿದ ಮೊದಲ ಜಾಗದ ಹಿಂದೆಯೇ ಸೋರಿಕೆ ಇರುತ್ತದೆ. ಕಪ್ಪಿನವರೆಗೆ ಎಲ್ಲ ಸರಿಯಿದ್ದರೆ ಡಿಸ್ಕಿನ ಮೇಲ್ಮೈಯನ್ನು ನೋಡಬೇಕು. ಕಾಗದದ ಲೇಬಲ್ ಅಂಟಿಸಿದ ಡಿಸ್ಕ್‌ಗಳಲ್ಲಿ ಗಾಳಿ ಕಾಗದದ ಅಂಚಿನಿಂದ ಒಳನುಗ್ಗುತ್ತದೆ. ಗಟ್ಟಿಯಾದ ಹಳೆಯ ರಬ್ಬರಿನ ಬದಲು ಮೆದುವಾದ ಸಿಲಿಕಾನ್ ಕಪ್ ಹಾಕಿದರೆ ಹಿಡಿತ ಸುಧಾರಿಸುತ್ತದೆ.

ಇನ್ನೊಂದು ಸಾಧ್ಯತೆಯನ್ನು ಹೆಚ್ಚಿನವರು ಊಹಿಸುವುದಿಲ್ಲ. ಊನೊ ಬೋರ್ಡಿನಲ್ಲಿ ಸರ್ವೊ ಲೈಬ್ರರಿ ಟೈಮರ್ 1 ಅನ್ನು ತನ್ನದಾಗಿಸಿಕೊಳ್ಳುತ್ತದೆ, ಹಾಗಾಗಿ 9 ಮತ್ತು 10ನೇ ಪಿನ್ನುಗಳಲ್ಲಿ ಪಿಡಬ್ಲ್ಯುಎಂ (ಪಲ್ಸುಗಳಿಂದ ವೇಗ ಹೆಚ್ಚು ಕಡಿಮೆ ಮಾಡುವ ವಿಧಾನ) ಕೆಲಸ ಮಾಡುವುದಿಲ್ಲ, ಸರ್ವೊವನ್ನು ಆ ಪಿನ್ನುಗಳಿಗೆ ಜೋಡಿಸದಿದ್ದರೂ ಅಷ್ಟೇ. ಪಂಪಿನ ವೇಗವನ್ನು ಅವುಗಳಲ್ಲೊಂದರಿಂದ ನಿಯಂತ್ರಿಸುತ್ತಿದ್ದರೆ, ಪಂಪನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿ ನಡೆದು ಪೂರ್ಣ ಪ್ರೋಗ್ರಾಮಿನಲ್ಲಿ ಮಾತ್ರ ಕೆಡುತ್ತದೆ. ಪಂಪನ್ನು 3 ಅಥವಾ 11ನೇ ಪಿನ್ನಿಗೆ ವರ್ಗಾಯಿಸಿ. ಪಂಪಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ ಟ್ರಾನ್ಸಿಸ್ಟರ್ ಯಾವುದೆಂಬುದನ್ನೂ ಗಮನಿಸಿ. ಐಆರ್‌ಎಫ್540 5 ವೋಲ್ಟಿನ ಗೇಟಿಗೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ಐಆರ್‌ಎಲ್‌ಝಡ್44ಎನ್ ತೆರೆದುಕೊಳ್ಳುತ್ತದೆ.

ಎರಡು ಡಿಸ್ಕ್ ಒಟ್ಟಿಗೆ ಬರುತ್ತವೆ

ಈ ಯಂತ್ರದ ಅತ್ಯಂತ ಹಾನಿಕರ ದೋಷ ಇದೇ, ಏಕೆಂದರೆ ಇದು ಗಮನಕ್ಕೇ ಬಾರದೆ ನಡೆದುಹೋಗಬಹುದು. ಎರಡು ಡಿಸ್ಕ್ ಟ್ರೇಗೆ ಬಿದ್ದು ಡ್ರೈವ್ ಸಿಕ್ಕಿಕೊಂಡರೆ ಕೊನೇಪಕ್ಷ ನಮಗೆ ತಿಳಿಯುತ್ತದೆ. ಸಿಕ್ಕಿಕೊಳ್ಳದೆ ಕ್ಲ್ಯಾಂಪ್ ಎರಡನ್ನೂ ಹಿಡಿದುಬಿಟ್ಟರೆ ಲೇಸರ್ ಕೆಳಗಿನ ಡಿಸ್ಕನ್ನಷ್ಟೇ ಓದುತ್ತದೆ. ಆಮೇಲೆ ತೋಳು ಬಂದು ಮೇಲಿನದನ್ನು ಓದದೆಯೇ ಮುಗಿದ ರಾಶಿಗೆ ಸೇರಿಸುತ್ತದೆ, ಕೆಳಗಿನದು ಟ್ರೇಯಲ್ಲೇ ಉಳಿದು ಅದರ ಮೇಲೆ ಮುಂದಿನ ಡಿಸ್ಕ್ ಬಂದು ಕೂರುತ್ತದೆ, ಮೊದಲಿನ ಡಿಸ್ಕನ್ನೇ ಯಂತ್ರ ಮತ್ತೆ ಓದುತ್ತದೆ. ಆದ್ದರಿಂದ ಓದಿದ ಪ್ರತಿ ಡಿಸ್ಕಿನ ವಾಲ್ಯೂಮ್ ಹೆಸರು ಮತ್ತು ಗಾತ್ರವನ್ನು ದಾಖಲಿಸಿ, ಸತತ ಎರಡು ಡಿಸ್ಕ್‌ಗಳಲ್ಲಿ ಅವೆರಡೂ ಒಂದೇ ಆಗಿದ್ದರೆ ಯಂತ್ರವನ್ನು ನಿಲ್ಲಿಸುವಂತೆ ಮಾಡಿ. ಹಳೆಯ ದಾಖಲೆಗಳಲ್ಲೂ ಹೀಗೆ ಹುಡುಕಿದರೆ ಎಷ್ಟು ಬಾರಿ ಹೀಗಾಗಿದೆ ಎಂಬುದು ಹೊರಬರುತ್ತದೆ.

ಡಿಸ್ಕಿನ ತಳಭಾಗದಲ್ಲಿ ನಡುವಿನ ತೂತಿನ ಸುತ್ತ ಒಂದು ಸಣ್ಣ ಉಬ್ಬು ಬಳೆ ಇರುತ್ತದೆ. ಒಂದರ ಮೇಲೊಂದು ಪೇರಿಸಿದಾಗ ಮೇಲ್ಮೈಗಳು ಪರಸ್ಪರ ಮುಟ್ಟದಂತೆ ತಡೆಯುವುದು ಅದರ ಕೆಲಸ. ಆದರೆ ಹೆಡ್ ರಾಶಿಯನ್ನು ಜೋರಾಗಿ ಒತ್ತಿದರೆ ತೆಳು ಡಿಸ್ಕ್ ಬಾಗಿ ನಡುವಿನ ಗಾಳಿ ಹೊರಹೋಗುತ್ತದೆ, ಎತ್ತುವಾಗ ಕೆಳಗಿನದೂ ಅಂಟಿಕೊಂಡೇ ಬರುತ್ತದೆ. ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತೂ ಇದಕ್ಕೆ ನೆರವಾಗುತ್ತದೆ. ಒತ್ತಡ ಹೆಚ್ಚಾಗಲು ಮುಖ್ಯ ಕಾರಣ ರಾಶಿಯ ಎತ್ತರವನ್ನು ಲೆಕ್ಕದಿಂದ ಊಹಿಸುವುದು. ಐವತ್ತು ಡಿಸ್ಕಿನ ರಾಶಿಯಲ್ಲಿ ಒಂದೊಂದಕ್ಕೆ 0.1 ಮಿಲಿಮೀಟರ್ ವ್ಯತ್ಯಾಸವಾದರೂ ಒಟ್ಟು 5 ಮಿಲಿಮೀಟರ್ ತಪ್ಪುತ್ತದೆ, ಬಳೆಯ ಎತ್ತರವೂ ಎಲ್ಲ ಡಿಸ್ಕ್‌ಗಳಲ್ಲಿ ಒಂದೇ ಇರುವುದಿಲ್ಲ. ಎತ್ತರವನ್ನು ಲೆಕ್ಕ ಹಾಕುವುದನ್ನು ಬಿಟ್ಟು, ಕಪ್ಪನ್ನು ಮೆದು ಸ್ಪ್ರಿಂಗಿನ ಮೇಲೆ ಕೂರಿಸಿ, ಅದು ಸ್ವಲ್ಪ ಮೇಲೆ ಸರಿದ ಕೂಡಲೇ ಮುಚ್ಚುವ ಸ್ವಿಚ್ ಹಾಕಿ, ಆ ಸ್ವಿಚ್ ಹೇಳಿದಲ್ಲಿ ಹೆಡ್ ನಿಲ್ಲುವಂತೆ ಮಾಡಬೇಕು. ಇದೊಂದು ಬದಲಾವಣೆಯಿಂದ ಮೂರ್ನಾಲ್ಕು ದೋಷಗಳು ಒಟ್ಟಿಗೆ ಮಾಯವಾಗುತ್ತವೆ.

ಇಷ್ಟಾದ ಮೇಲೂ ಜೋಡಿ ಬರುತ್ತಿದ್ದರೆ ಕಪ್ಪನ್ನು ಡಿಸ್ಕಿನ ಒಂದು ಪಕ್ಕಕ್ಕೆ ಸರಿಸಿ ಕೂರಿಸಿ. ಎತ್ತುವಾಗ ಆ ಅಂಚು ಮೊದಲು ಮೇಲೆದ್ದು ಗಾಳಿ ಒಳನುಗ್ಗಿ ಕೆಳಗಿನದು ಕಳಚಿಕೊಳ್ಳುತ್ತದೆ. ಎರಡು ಸೆಂಟಿಮೀಟರ್ ಎತ್ತಿದ ಮೇಲೆ ಹೆಡ್ಡನ್ನು ಒಂದೆರಡು ಮಿಲಿಮೀಟರ್ ಚುರುಕಾಗಿ ಮೇಲೆ ಕೆಳಗೆ ಅಲುಗಿಸುವುದೂ ಫಲ ಕೊಡುತ್ತದೆ. ಎಚ್‌ಎಕ್ಸ್711 ಮಾಡ್ಯೂಲ್ ಇರುವ ಲೋಡ್ ಸೆಲ್ ಮೇಲೆ ರಾಶಿಯನ್ನೇ ಇಟ್ಟುಬಿಟ್ಟರೆ, ಎತ್ತಿದ ಬಳಿಕ ತೂಕ 15 ಗ್ರಾಂ ಇಳಿಯಿತೋ 30 ಗ್ರಾಂ ಇಳಿಯಿತೋ ಎಂದು ನೇರವಾಗಿ ತಿಳಿಯುತ್ತದೆ, ತೂಕ ಇಳಿಯದಿದ್ದರೆ ಏನೂ ಬಂದಿಲ್ಲ ಎಂಬುದೂ ಗೊತ್ತಾಗುತ್ತದೆ.

ತೂಕದ ಬದಲು ಇನ್‌ಫ್ರಾರೆಡ್ ಸೆನ್ಸರ್ ಬಳಸುವವರು ಒಂದು ವಿಷಯ ಗಮನದಲ್ಲಿಡಬೇಕು. ಡಿಸ್ಕಿನ ನಡುಭಾಗವೂ ಹೊರ ಅಂಚಿನ ಒಂದು ತೆಳು ಪಟ್ಟಿಯೂ ಬರಿಯ ಪಾರದರ್ಶಕ ಪಾಲಿಕಾರ್ಬೊನೇಟ್, ಇನ್‌ಫ್ರಾರೆಡ್ ಕಿರಣ ಅದನ್ನು ಹಾದು ಹೋಗುತ್ತದೆ. ಸೆನ್ಸರಿನ ಗುರಿ ಅಲ್ಲಿ ಬಿದ್ದರೆ ಡಿಸ್ಕ್ ಇದ್ದರೂ ಇಲ್ಲವೆಂದೇ ಉತ್ತರ ಬರುತ್ತದೆ. ಕೇಂದ್ರದಿಂದ 30ರಿಂದ 50 ಮಿಲಿಮೀಟರ್ ದೂರದಲ್ಲಿ, ಲೋಹದ ಪದರ ಇರುವ ಕಡೆ ಗುರಿ ಇಡಿ. ಪ್ರತಿಫಲನವನ್ನು ನೋಡುವ ಟಿಸಿಆರ್‌ಟಿ5000 ಬಗೆಯ ಸೆನ್ಸರಾದರೆ ಅದು ಮೇಲ್ಮೈಗೆ ನೇರವಾಗಿ ನಿಂತಿರಬೇಕು. ಕನ್ನಡಿಯಂಥ ಮೇಲ್ಮೈ ಸ್ವಲ್ಪ ಓರೆಯಾದರೂ ಬೆಳಕು ಬೇರೆಡೆಗೆ ಚಿಮ್ಮುತ್ತದೆ.

ಟ್ರೇಯಲ್ಲಿ ಸರಿಯಾಗಿ ಕೂರುವುದಿಲ್ಲ

ಟ್ರೇಯಲ್ಲಿರುವ ತಗ್ಗು 120 ಮಿಲಿಮೀಟರ್ ಡಿಸ್ಕಿಗಿಂತ ತುಸುವೇ ದೊಡ್ಡದು. ತೋಳಿನ ಉದ್ದ 200 ಮಿಲಿಮೀಟರ್ ಇದ್ದರೆ ಒಂದು ಡಿಗ್ರಿ ತಪ್ಪಿದಾಗ ತುದಿ 3.5 ಮಿಲಿಮೀಟರ್ ಸರಿಯುತ್ತದೆ. ಸರ್ವೊ ಲೈಬ್ರರಿಗೆ ಕೋನವನ್ನು ಪೂರ್ಣ ಡಿಗ್ರಿಗಳಲ್ಲಿ ಕೊಡುತ್ತಿದ್ದರೆ ಸರಿಯಾದ ಜಾಗ ಯಾವಾಗಲೂ ಎರಡು ಡಿಗ್ರಿಗಳ ನಡುವೆ ಎಲ್ಲೋ ಉಳಿದುಬಿಡುತ್ತದೆ. ಕೋನದ ಬದಲು ಮೈಕ್ರೊಸೆಕೆಂಡುಗಳಲ್ಲಿ ಆಜ್ಞೆ ಕೊಡಿ. ಒಂದು ಡಿಗ್ರಿಗೆ ಸುಮಾರು 10 ಮೈಕ್ರೊಸೆಕೆಂಡು ಆಗುವುದರಿಂದ ಸೂಕ್ಷ್ಮವಾಗಿ ಹೊಂದಿಸಬಹುದು. ಆದರೂ ಅಗ್ಗದ ಸರ್ವೊಗಳು 10 ಮೈಕ್ರೊಸೆಕೆಂಡಿನೊಳಗಿನ ಬದಲಾವಣೆಗೆ ಮಿಸುಕದಿರಬಹುದು, ಗೇರುಗಳ ಸಡಿಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಟ್ರೇಗೆ ಬರುವಾಗ ಯಾವಾಗಲೂ ಒಂದೇ ದಿಕ್ಕಿನಿಂದ ಬರುವಂತೆ ಮಾಡಿ ಸಡಿಲದ ಪರಿಣಾಮವನ್ನು ಒಂದೇ ಬದಿಗೆ ತಳ್ಳಬಹುದು. ತೋಳು ನಿಲ್ಲುವ ಜಾಗದಲ್ಲಿ ಒಂದು ಗಟ್ಟಿ ತಡೆ ಕಟ್ಟಿ ಅದಕ್ಕೆ ಮೃದುವಾಗಿ ಒರಗಿಸುವುದು ಅದಕ್ಕಿಂತಲೂ ಉತ್ತಮ.

ಡಿಸ್ಕನ್ನು ಟ್ರೇಗೆ ಒತ್ತಿ ಕೂರಿಸುವ ಆಸೆ ಬೇಡ. ಹೊರಚಾಚಿದ ಟ್ರೇ ಒತ್ತಡಕ್ಕೆ ಬಾಗುತ್ತದೆ, ಜತೆಗೆ ಡೆಸ್ಕ್‌ಟಾಪ್ ಡ್ರೈವ್‌ಗಳ ಟ್ರೇಯನ್ನು ಸ್ವಲ್ಪ ಒಳಕ್ಕೆ ನೂಕಿದರೆ ಮುಚ್ಚುವ ಆಜ್ಞೆ ಬಂದಿತೆಂದು ಡ್ರೈವ್ ತಿಳಿಯುತ್ತದೆ. ತೋಳು ಇನ್ನೂ ಒಳಗಿರುವಾಗಲೇ ಟ್ರೇ ಮುಚ್ಚಲು ಹೊರಟರೆ ಹುಡುಕಬೇಕಾದ ಕಾರಣ ಇದು. ಎರಡು ಮೂರು ಮಿಲಿಮೀಟರ್ ಮೇಲಿಂದ ಡಿಸ್ಕನ್ನು ಬಿಟ್ಟುಬಿಡಿ. ಪಂಪ್ ನಿಲ್ಲಿಸಿದ ಮೇಲೂ ಡಿಸ್ಕ್ ಬಿಡದೆ ಅಂಟಿಕೊಂಡಿದ್ದು ತಡವಾಗಿ ಬೀಳುತ್ತಿದ್ದರೆ ಕಪ್ಪಿನೊಳಕ್ಕೆ ಗಾಳಿ ಬರಲು ದಾರಿ ಇಲ್ಲ ಎಂದರ್ಥ. ಕೊಳವೆಗೊಂದು ಸೊಲೆನಾಯ್ಡ್ ವಾಲ್ವ್ ಸೇರಿಸಿ ಬಿಡುವ ಹೊತ್ತಿಗೆ ಅದನ್ನು ತೆರೆಯಬೇಕು. ಸೂಜಿಯಿಂದ ಕೊಳವೆಗೆ ಕಿರುತೂತು ಮಾಡುವುದು ಅಗ್ಗದ ಉಪಾಯ. ಮೇಲೆ ಹೇಳಿದ ಇಪ್ಪತ್ತು ಪಟ್ಟಿನ ಹಿಡಿತ ಇರುವುದರಿಂದ ಅಷ್ಟು ಸೋರಿಕೆಯನ್ನು ಪಂಪ್ ತಾಳಿಕೊಳ್ಳುತ್ತದೆ.

ಕಂಪ್ಯೂಟರ್ ಮತ್ತು ಡ್ರೈವ್

ಓದಿ ಮುಗಿದರೂ ಟ್ರೇ ಹೊರಬರದಿದ್ದರೆ ಡಿಸ್ಕ್ ಇನ್ನೂ ಮೌಂಟ್ ಆಗಿದೆಯೇ, ಅಂದರೆ ಕಂಪ್ಯೂಟರು ಅದನ್ನು ಬಳಕೆಗೆ ತೆರೆದಿಟ್ಟಿದೆಯೇ ನೋಡಿ. ಡೆಸ್ಕ್‌ಟಾಪ್ ಪರಿಸರಗಳು ಡಿಸ್ಕ್ ಕಂಡ ಕೂಡಲೇ ತಾವಾಗಿ ಮೌಂಟ್ ಮಾಡುತ್ತವೆ, ಕಡತ ತೋರಿಸುವ ಕಿಟಕಿಯೊಂದು ತೆರೆದಿದ್ದರೂ ಡ್ರೈವ್ ಬಿಡುವುದಿಲ್ಲ. ಈ ಕೆಲಸಕ್ಕೆ ಬಳಸುವ ಕಂಪ್ಯೂಟರಿನಲ್ಲಿ ತಾನಾಗಿ ಮೌಂಟ್ ಮಾಡುವ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದೇ ಲೇಸು. ಮುಚ್ಚುವ ಆಜ್ಞೆ ಕೊಟ್ಟರೂ ಟ್ರೇ ಒಳಹೋಗದಿದ್ದರೆ ಅದು ಲ್ಯಾಪ್‌ಟಾಪಿನ ತೆಳು ಡ್ರೈವ್ ಆಗಿರಬಹುದು. ಅದರ ಟ್ರೇ ಸ್ಪ್ರಿಂಗಿನಿಂದ ಹೊರಚಿಮ್ಮುತ್ತದೆ, ಒಳಗೆಳೆದುಕೊಳ್ಳಲು ಮೋಟಾರೇ ಇಲ್ಲ. ಡೆಸ್ಕ್‌ಟಾಪ್ ಡ್ರೈವ್ ಬಿಟ್ಟರೆ ಬೇರೆ ದಾರಿಯಿಲ್ಲ.

ಡ್ರೈವ್‌ನ ಸ್ಥಿತಿಯನ್ನು ಲಿನಕ್ಸ್ ಕರ್ನಲ್ ಅಂಕೆಯಲ್ಲಿ ತಿಳಿಸುತ್ತದೆ: 1 ಎಂದರೆ ಡಿಸ್ಕ್ ಇಲ್ಲ, 2 ಎಂದರೆ ಟ್ರೇ ತೆರೆದಿದೆ, 3 ಎಂದರೆ ಇನ್ನೂ ಸಿದ್ಧವಾಗಿಲ್ಲ, 4 ಎಂದರೆ ಡಿಸ್ಕ್ ಸರಿಯಿದೆ, 0 ಎಂದರೆ ಮಾಹಿತಿಯಿಲ್ಲ. 4 ಬರುವವರೆಗೆ ಕಾಯುತ್ತಲೇ ಇರುವಂತೆ ಬರೆದ ಪ್ರೋಗ್ರಾಂ, ಡಿಸ್ಕ್ ತಲೆಕೆಳಗಾಗಿ ಕೂತ ದಿನ ರಾತ್ರಿಯಿಡೀ ಕಾಯುತ್ತದೆ. 3 ಬಂದರೆ ಮಾತ್ರ ಕಾಯಬೇಕು, ಅದಕ್ಕೂ ಒಂದು ಮಿತಿ ಇರಬೇಕು. 1 ಬಂದರೆ ಟ್ರೇ ತೆರೆದು ಡಿಸ್ಕನ್ನು ತಿರಸ್ಕೃತ ರಾಶಿಗೆ ಹಾಕಬೇಕು. ಗೀಚಿದ ಡಿಸ್ಕನ್ನು ಡ್ರೈವ್ ಬಹಳ ಹೊತ್ತು ಮತ್ತೆ ಮತ್ತೆ ಓದಲು ಯತ್ನಿಸುವುದರಿಂದ ಓದುವ ಹಂತಕ್ಕೂ ಪ್ರತ್ಯೇಕ ಸಮಯಮಿತಿ ಬೇಕು. ಟ್ರೇ ಹೊರಬಂದಿದೆ ಎಂಬುದನ್ನು ತಿಳಿಯಲು ಡ್ರೈವ್ ಹೇಳಿದ ಅಂಕೆಯೊಂದನ್ನೇ ನೆಚ್ಚದೆ, ಟ್ರೇ ಪೂರ್ತಿ ಬಂದಾಗ ಮಾತ್ರ ಒತ್ತುವ ಒಂದು ಮೈಕ್ರೋಸ್ವಿಚ್ ಇಟ್ಟು, ಎರಡೂ ಒಪ್ಪಿದ ಮೇಲಷ್ಟೇ ತೋಳು ಕೆಳಗಿಳಿಯುವಂತೆ ಮಾಡಿ.

ಬಹಳ ಹೊತ್ತು ಓಡಿದ ಮೇಲೆ ಮಾತ್ರ ಬರುವ ದೋಷಗಳು

ಯಂತ್ರ ಮೊದಲ ಕೆಲವು ಡಿಸ್ಕ್‌ಗಳನ್ನು ಸರಾಗವಾಗಿ ಬದಲಿಸಿ, ಆಮೇಲೆ ಹೆಡ್ ಇದ್ದಕ್ಕಿದ್ದಂತೆ ಸಡಿಲವಾಗಿ ಕೆಲವೇ ಕ್ಷಣಗಳಲ್ಲಿ ಮತ್ತೆ ಗಟ್ಟಿಯಾದರೆ ಡ್ರೈವರಿನ ಶಾಖವನ್ನು ಪರೀಕ್ಷಿಸಿ. ಎ4988 ಅತಿಯಾಗಿ ಬಿಸಿಯಾದಾಗ ತಾನೇ ಕರೆಂಟ್ ಕಡಿದು, ತಣಿದ ಮೇಲೆ ಮತ್ತೆ ಶುರುಮಾಡುತ್ತದೆ. ಈ ನಡುವೆ ಹೆಡ್ ಜಾರಿದ್ದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ, ಆದ್ದರಿಂದ ನಂತರದ ಎಲ್ಲ ಎತ್ತರಗಳೂ ಅಷ್ಟೇ ತಪ್ಪುತ್ತವೆ. ಹೀಟ್‌ಸಿಂಕ್ ಮತ್ತು ಸಣ್ಣ ಫ್ಯಾನ್ ಹಾಕಿ, ಕರೆಂಟ್ ಮಿತಿಯನ್ನು ಕೆಲಸ ನಡೆಯುವಷ್ಟಕ್ಕೆ ಇಳಿಸಿ. ಪ್ರತಿ ಡಿಸ್ಕ್ ಮುಗಿದಾಗಲೂ ಹೆಡ್ ಒಮ್ಮೆ ಆರಂಭದ ಸ್ವಿಚ್ಚನ್ನು ಮುಟ್ಟಿ ಬರುವಂತೆ ಮಾಡಿ, ಮುಟ್ಟಿದಾಗ ಪ್ರೋಗ್ರಾಮಿನ ಲೆಕ್ಕಕ್ಕೂ ನಿಜ ಸ್ಥಾನಕ್ಕೂ ಇರುವ ಅಂತರವನ್ನು ದಾಖಲೆಯಲ್ಲಿ ಬರೆಯಿಸಿ. ಆ ಅಂತರ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ಡಿಸ್ಕಿನಿಂದ ಡಿಸ್ಕಿಗೆ ಅದು ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಮೋಟಾರು ಹೆಜ್ಜೆ ತಪ್ಪುತ್ತಿದೆ ಅಥವಾ ಮೋಟಾರಿನ ಶಾಫ್ಟನ್ನು ಲೀಡ್ ಸ್ಕ್ರೂಗೆ ಜೋಡಿಸುವ ಕಪ್ಲಿಂಗಿನ ತಿರುಪು ಸಡಿಲವಾಗಿ ಕಪ್ಲಿಂಗ್ ಶಾಫ್ಟಿನ ಮೇಲೆ ಜಾರುತ್ತಿದೆ. ಶಾಫ್ಟ್ ಮತ್ತು ಕಪ್ಲಿಂಗ್ ಎರಡನ್ನೂ ದಾಟುವಂತೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಯಂತ್ರವನ್ನು ಓಡಿಸಿ ನೋಡಿ. ಗೆರೆ ಮುರಿದಿದ್ದರೆ ಆ ತಿರುಪನ್ನು ಬಿಗಿ ಮಾಡಬೇಕು, ಮುರಿಯದಿದ್ದರೆ ವೇಗವರ್ಧನೆಯನ್ನು ತಗ್ಗಿಸಬೇಕು.